ಪುಡಿ ಎರಚಿದ್ರೆ ಸಾಲದು: ನೀರಿಗೆ, ಕಸಕ್ಕೆ ಹಾಕುವ ಬ್ಲೀಚಿಂಗ್ ಪೌಡರ್ ಲೆಕ್ಕ ಏನು?

ತುಮಕೂರು: ಮಳೆಗಾಲ ಶುರುವಾದರೆ ಸಾಕು, ಚರಂಡಿ ಅಂಚಿನಲ್ಲಿ, ಸಂತೆ ನಡೆಯುವ ಜಾಗದಲ್ಲಿ, ಮಾಂಸದಂಗಡಿಗಳ ಮುಂದೆ ಬಿಳಿ ಪುಡಿಯ ಗೆರೆ ಕಾಣಿಸುತ್ತದೆ. ತುಮಕೂರು ನಗರವಿರಲಿ, ಗುಬ್ಬಿ, ಕುಣಿಗಲ್ ಪಟ್ಟಣವಿರಲಿ, ಚಿತ್ರ ಒಂದೇ. ಅದೇ ಪುಡಿಯನ್ನು ಹಳ್ಳಿಯಲ್ಲಿ ನೀರುಗಂಟಿ ಬಕೆಟ್‌ನಲ್ಲಿ ಕಲಸಿ ಓವರ್‌ಹೆಡ್ ಟ್ಯಾಂಕ್‌ಗೆ ಸುರಿಯುತ್ತಾನೆ. ಜನರೂ ಮೂಗಿಗೆ ಘಾಟು ಬಡಿದರೆ ‘ಕೆಲಸ ಆಯ್ತು’ ಅಂದುಕೊಳ್ಳುತ್ತಾರೆ.

ಆದರೆ ಘಾಟು ಬಂತು ಎಂದ ಮಾತ್ರಕ್ಕೆ ನೀರು ಶುದ್ಧವಾಯಿತು ಎಂದಲ್ಲ, ಕಸದ ದುರ್ವಾಸನೆ ಹೋಯಿತು ಎಂದೂ ಅಲ್ಲ. ಬ್ಲೀಚಿಂಗ್ ಪೌಡರ್ ಎಷ್ಟು ಹಾಕಿದರು, ಎಷ್ಟು ಹೊತ್ತು ಬಿಟ್ಟರು, ಕೊನೆಯ ಮನೆಯ ನಲ್ಲಿಯಲ್ಲಿ ಎಷ್ಟು ಉಳಿದಿದೆ ಎಂಬ ಮೂರು ಪ್ರಶ್ನೆಗೆ ಉತ್ತರ ಇದ್ದರಷ್ಟೇ ಅದಕ್ಕೆ ಬೆಲೆ.

ಇದು ಸಣ್ಣ ವಿಷಯವಲ್ಲ. 2024ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ವಾಂತಿ-ಭೇದಿ ಕಾಣಿಸಿಕೊಂಡು ಸಾವುಗಳಾದವು. ಅದಕ್ಕೂ ಹಿಂದಿನ ವರ್ಷ, 2023ರ ಆಗಸ್ಟ್‌ನಲ್ಲಿ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲೂ ಕಲುಷಿತ ನೀರಿನ ಪ್ರಕರಣದಲ್ಲಿ ಜನ ಪ್ರಾಣ ಕಳೆದುಕೊಂಡರು. ಕುಡಿಯುವ ನೀರಿನಲ್ಲಿ ರೋಗಾಣು ಸೇರಿದರೆ ಏನಾಗುತ್ತದೆ ಎಂಬುದನ್ನು ಈ ಭಾಗದ ಜನರಿಗೆ ಬೇರೆಯಾಗಿ ಹೇಳಬೇಕಿಲ್ಲ.

ಪುಡಿ ಮಾಡೋ ಕೆಲಸ ಏನು?

ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದು, ಮಳೆಗೆ ಬಿಟ್ಟ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಎಲ್ಲರೂ ನೋಡಿದ್ದೇ. ಗಾಳಿಯಲ್ಲಿರುವ ಆಮ್ಲಜನಕ ಆ ವಸ್ತುವಿನ ಜೊತೆ ಸೇರಿ ಅದರ ಗುಣವನ್ನೇ ಬದಲಿಸುತ್ತದೆ. ಇದೇ ಬಗೆಯ ಕೆಲಸವನ್ನು ಬಹಳ ಜೋರಾಗಿ, ನಿಮಿಷಗಳಲ್ಲಿ ಮಾಡುವ ರಾಸಾಯನಿಕಗಳಿಗೆ ಆಕ್ಸಿಡೈಸರ್ ಎನ್ನುತ್ತಾರೆ. ಪಠ್ಯಪುಸ್ತಕದ ಕನ್ನಡದಲ್ಲಿ ಉತ್ಕರ್ಷಣಕಾರಿ. ಕ್ಲೋರಿನ್, ಬ್ಲೀಚಿಂಗ್ ಪೌಡರ್, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ, ಹೈಡ್ರೋಜನ್ ಪೆರಾಕ್ಸೈಡ್, ಪೊಟ್ಯಾಷಿಯಂ ಪರ್ಮಾಂಗನೇಟ್, ಓಝೋನ್ ಎಲ್ಲವೂ ಇದೇ ಗುಂಪಿನವು.

ಬ್ಲೀಚಿಂಗ್ ಪುಡಿ ನೀರಿಗೆ ಬಿದ್ದಾಗ ಹೊರಬರುವ ಕ್ಲೋರಿನ್ ರೋಗಾಣುವಿನ ಹೊರಪದರವನ್ನು ಹಾಳುಮಾಡಿ ಒಳಗಿನ ವ್ಯವಸ್ಥೆಯನ್ನು ಕೆಡಿಸುತ್ತದೆ. ಕಾಲರಾ, ಟೈಫಾಯ್ಡ್, ಆಮಶಂಕೆ ತರುವ ಬ್ಯಾಕ್ಟೀರಿಯಾ ಹೀಗೆ ಸಾಯುತ್ತವೆ. ದುರ್ವಾಸನೆಯ ವಿಚಾರದಲ್ಲೂ ಸೂತ್ರ ಅದೇ. ಕೊಳೆತ ಮೊಟ್ಟೆಯ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲದಿಂದ. ಆಕ್ಸಿಡೈಸರ್ ತಾಕಿದರೆ ಆ ಅನಿಲ ಗಂಧಕವಾಗಿಯೋ ಸಲ್ಫೇಟ್ ಆಗಿಯೋ ಬದಲಾಗುತ್ತದೆ, ವಾಸನೆ ನಿಲ್ಲುತ್ತದೆ.

ಇಲ್ಲೇ ಒಂದು ಮುಖ್ಯ ಅಂಶ ಇದೆ. ಕ್ಲೋರಿನ್‌ಗೆ ರೋಗಾಣು ಯಾವುದು, ಕೆಸರು ಯಾವುದು, ಎಲೆ ಯಾವುದು ಎಂಬ ಭೇದ ಗೊತ್ತಿಲ್ಲ. ಮೊದಲು ಏನು ಸಿಗುತ್ತದೋ ಅದರ ಮೇಲೆ ಖರ್ಚಾಗಿಬಿಡುತ್ತದೆ. ನೀರಿನಲ್ಲಿ ಮಣ್ಣು, ಪಾಚಿ, ಕಬ್ಬಿಣದ ಅಂಶ ಜಾಸ್ತಿ ಇದ್ದರೆ ಹಾಕಿದ ಪುಡಿಯೆಲ್ಲ ಅದಕ್ಕೇ ಮುಗಿದುಹೋಗಿ ರೋಗಾಣು ಬದುಕಿ ಉಳಿಯುತ್ತದೆ. ಕೊಳೆ ಕ್ಲೋರಿನ್ ತಿನ್ನುತ್ತದೆ ಎಂಬ ಈ ಒಂದು ಮಾತು ಗೊತ್ತಿದ್ದರೆ ಉಳಿದ ನಿಯಮಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಮೊದಲು ಬಂದದ್ದು ವಾಸನೆಗೆ

ಬ್ಲೀಚಿಂಗ್ ಪೌಡರ್ ಹುಟ್ಟಿದ್ದು ಬಟ್ಟೆ ಬಿಳಿ ಮಾಡಲು. ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ ಚಾರ್ಲ್ಸ್ ಟೆನೆಂಟ್ 1799ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. 1820ರ ದಶಕದಲ್ಲಿ ಪ್ಯಾರಿಸ್‌ನ ಔಷಧ ತಯಾರಕ ಲಬರಾಕ್ ಪ್ರಾಣಿಗಳ ಕರುಳು ಸಂಸ್ಕರಿಸುವ ಜಾಗದ ನಾತ ತಡೆಯಲು ಕ್ಲೋರಿನ್ ದ್ರಾವಣ ಬಳಸಿದರು. 1847ರಲ್ಲಿ ವಿಯೆನ್ನಾದ ಡಾಕ್ಟರ್ ಸೆಮ್ಮೆಲ್‌ವೈಸ್ ಹೆರಿಗೆ ವಾರ್ಡ್‌ಗೆ ಹೋಗುವ ಮುನ್ನ ಇದೇ ಬಗೆಯ ದ್ರಾವಣದಲ್ಲಿ ಕೈ ತೊಳೆಯಬೇಕು ಎಂದು ನಿಯಮ ಮಾಡಿದಾಗ ಬಾಣಂತಿಯರ ಸಾವು ಇಳಿಯಿತು. ಶವದ ವಾಸನೆ ಹೋಗಲಾಡಿಸುತ್ತದೆ ಎಂಬ ಕಾರಣಕ್ಕೇ ಅವರು ಅದನ್ನು ಆರಿಸಿಕೊಂಡಿದ್ದು.

ಕುಡಿಯುವ ನೀರಿಗೆ ಇದನ್ನು ದಿನವೂ ಹಾಕುವ ಪದ್ಧತಿ ಗಟ್ಟಿಯಾದದ್ದು ಆಮೇಲೆ. ಅಮೆರಿಕದ ಜೆರ್ಸಿ ಸಿಟಿಯಲ್ಲಿ 1908ರಲ್ಲಿ ಇಡೀ ಊರಿನ ನೀರಿಗೆ ನಿರಂತರ ಕ್ಲೋರಿನ್ ಹಾಕುವುದು ಶುರುವಾಯಿತು. ಭಾರತದಲ್ಲಿ ಆಗ್ರಾದಲ್ಲಿದ್ದ ವಿಜ್ಞಾನಿ ಹ್ಯಾಂಕಿನ್ ಕಾಲರಾ ತಡೆಯಲು ಬಾವಿಗಳಿಗೆ ಪೊಟ್ಯಾಷಿಯಂ ಪರ್ಮಾಂಗನೇಟ್ ಹಾಕಿಸುತ್ತಿದ್ದರು. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಅದು ಕಾಲರಾ ರೋಗಾಣುವಿಗೆ ಸರಿಯಾದರೂ ಉಳಿದ ರೋಗಾಣುಗಳಿಗೆ ಸಾಲದು ಎಂದು ಗೊತ್ತಾದ ಮೇಲೆ ಬಾವಿಗಳಿಗೂ ಬ್ಲೀಚಿಂಗ್ ಪೌಡರ್ ಬಂತು.

ನಾಲೆಯಿಂದ ನಲ್ಲಿಗೆ

ತುಮಕೂರು ನಗರಕ್ಕೆ ನೀರು ಬರುವುದು ಹೇಮಾವತಿಯಿಂದ. ಹಾಸನ ಜಿಲ್ಲೆಯ ಗೊರೂರು ಜಲಾಶಯದಿಂದ ನಾಲೆಯಲ್ಲಿ ಹರಿದು ಬಂದು ಬುಗುಡನಹಳ್ಳಿ ಕೆರೆ ಸೇರುತ್ತದೆ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ನಾಲೆ ನೀರು ತುಂಬುವ ಕೆರೆಗಳ ಜೊತೆ ಬೋರ್‌ವೆಲ್‌ಗಳೂ ಆಧಾರ.

ಇಷ್ಟು ದೂರ ತೆರೆದ ನಾಲೆಯಲ್ಲಿ ಬರುವ ನೀರು ಮಣ್ಣು, ಕಸಕಡ್ಡಿ ಹೊತ್ತೇ ಬರುತ್ತದೆ. ಹೀಗಾಗಿ ನೀರು ಶುದ್ಧೀಕರಣ ಘಟಕಗಳಲ್ಲಿ ಮೊದಲು ಪಟಿಕ ಹಾಕಿ ಮಣ್ಣನ್ನು ತಳಕ್ಕೆ ಕೂರಿಸುತ್ತಾರೆ, ಮರಳಿನ ಮೂಲಕ ಸೋಸುತ್ತಾರೆ, ಕೊನೆಗೆ ಕ್ಲೋರಿನ್ ಕೊಡುತ್ತಾರೆ. ಕೊಳೆ ತೆಗೆದ ಮೇಲೆ ಹಾಕಿದರೆ ಕ್ಲೋರಿನ್ ರೋಗಾಣುವಿನ ಮೇಲೆ ಕೆಲಸ ಮಾಡುತ್ತದೆ. ಮನೆಯ ಸಂಪಿಗೂ ಇದೇ ಕ್ರಮ: ತಳದ ಕೆಸರು ತೆಗೆಯದೆ ಪುಡಿ ಸುರಿದರೆ ದುಡ್ಡು ದಂಡ.

ಕ್ಲೋರಿನ್‌ಗೆ ಕನಿಷ್ಠ ಅರ್ಧ ಗಂಟೆ ಸಮಯ ಬೇಕು. ಬಾವಿ, ಸಂಪಿಗೆ ಒಂದು ಗಂಟೆ ಬಿಡುವುದು ವಾಡಿಕೆ. ಬೆಳಗ್ಗೆ ಟ್ಯಾಂಕ್‌ಗೆ ಪುಡಿ ಹಾಕಿ ಐದೇ ನಿಮಿಷಕ್ಕೆ ವಾಲ್ವ್ ತಿರುಗಿಸಿದರೆ ಮೊದಲ ಬೀದಿಯವರಿಗೆ ಘಾಟು ನೀರು, ಕೊನೆ ಬೀದಿಯವರಿಗೆ ಏನೂ ಇಲ್ಲದ ನೀರು ಸಿಗುತ್ತದೆ.

ಅರ್ಧ ಗಂಟೆಯ ನಂತರವೂ ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಮಿಕ್ಕಿರಬೇಕು. ಪೈಪಿನಲ್ಲಿ ಮತ್ತೆ ಕೊಳೆ ಸೇರಿದರೆ ಅದನ್ನು ಎದುರಿಸುವ ಕಾವಲು ಅದೇ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಬಳಕೆದಾರರ ನಲ್ಲಿಯಲ್ಲಿ ಒಂದು ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ವೈರಸ್‌ನಿಂದಲೂ ರಕ್ಷಣೆ ಬೇಕಾದ ಸಂದರ್ಭದಲ್ಲಿ 0.5 ಮಿಲಿಗ್ರಾಂ.

ಸಂಪಿಗೆ, ಬಾವಿಗೆ ಎಷ್ಟು?

ಒಳ್ಳೆ ಗುಣಮಟ್ಟದ ಬ್ಲೀಚಿಂಗ್ ಪೌಡರ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಬಳಕೆಗೆ ಸಿಗುವ ಕ್ಲೋರಿನ್ ಇರುತ್ತದೆ. ಅಂಥ ಪುಡಿಯಾದರೆ 1000 ಲೀಟರ್ ತಿಳಿ ನೀರಿಗೆ ಸುಮಾರು 2.5 ಗ್ರಾಂ ಸಾಕು. ಹಿಡಿ ಲೆಕ್ಕ, ಬೊಗಸೆ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎರಡೂವರೆ ಗ್ರಾಂ ತೂಗುವುದು ಮನೆಯಲ್ಲಿ ಕಷ್ಟ. ಅದಕ್ಕೊಂದು ಸುಲಭ ದಾರಿ:

• 25 ಗ್ರಾಂ ಪುಡಿಯನ್ನು ಕಾಗದದ ಮೇಲೆ ತೂಗಿಸಿಕೊಂಡು, ಪ್ಲಾಸ್ಟಿಕ್ ಮಗ್ಗಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಬೇಕು. ಆಮೇಲೆ ಒಟ್ಟು ಒಂದು ಲೀಟರ್ ಆಗುವಷ್ಟು ನೀರು ಸೇರಿಸಬೇಕು.

• ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಬೇಕು. ತಳದ ಸುಣ್ಣ ಸಂಪಿಗೆ ಹೋದರೆ ನೀರಿನ ಗಡಸುತನ ಹೆಚ್ಚುತ್ತದೆ.

• ಈ ತಿಳಿ 100 ಮಿಲಿಲೀಟರ್ ಹಾಕಿದರೆ 1000 ಲೀಟರ್‌ಗೆ ಲೆಕ್ಕ ಸರಿಹೋಗುತ್ತದೆ. ಚೆನ್ನಾಗಿ ಕಲಕಿ ಒಂದು ಗಂಟೆ ಬಿಡಬೇಕು. ಮಿಕ್ಕ ದ್ರಾವಣವನ್ನು ನಾಳೆಗೆ ಇಡಬಾರದು, ಅದರ ಶಕ್ತಿ ಕುಂದುತ್ತದೆ.

ಸಂಪಿನ ಅಳತೆ ಅಡಿಯಲ್ಲಿ ಗೊತ್ತಿದ್ದರೆ ಉದ್ದ, ಅಗಲ, ನೀರಿನ ಎತ್ತರ ಗುಣಿಸಬೇಕು. ಒಂದು ಘನ ಅಡಿ ಎಂದರೆ ಸುಮಾರು 28 ಲೀಟರ್. ಆರು ಅಡಿ ಉದ್ದ, ಐದು ಅಡಿ ಅಗಲದ ಸಂಪಿನಲ್ಲಿ ಐದು ಅಡಿ ನೀರಿದ್ದರೆ 150 ಘನ ಅಡಿ, ಅಂದರೆ ಸುಮಾರು 4,250 ಲೀಟರ್. ಅದಕ್ಕೆ ಹತ್ತೂವರೆ ಗ್ರಾಂ ಆಸುಪಾಸು ಪುಡಿ ಸಾಕು. 6,000 ಲೀಟರ್ ಟ್ಯಾಂಕರ್‌ಗೆ 15 ಗ್ರಾಂ.

ದುಂಡು ಬಾವಿಯಾದರೆ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 0.785ರಿಂದ ಗುಣಿಸಬೇಕು. ಹತ್ತು ಅಡಿ ವ್ಯಾಸದ ಬಾವಿಯಲ್ಲಿ ಎಂಟು ಅಡಿ ನೀರಿದ್ದರೆ 628 ಘನ ಅಡಿ, ಸುಮಾರು 17,800 ಲೀಟರ್. ಅದಕ್ಕೆ ಸುಮಾರು 45 ಗ್ರಾಂ ಪುಡಿ. ತಿಳಿಯನ್ನು ಬಕೆಟ್‌ನಲ್ಲಿ ಬಾವಿಗೆ ಇಳಿಸಿ ಮೇಲೆ-ಕೆಳಗೆ ಎಳೆದು ಬೆರೆಸಬೇಕು.

ಇದು ತಿಳಿ ನೀರಿನ ಲೆಕ್ಕ. ನೀರಿನಲ್ಲಿ ಕೊಳೆ ಇದ್ದರೆ ಪುಡಿ ಹೆಚ್ಚು ಬೇಕಾಗುತ್ತದೆ. ಎಷ್ಟು ಹೆಚ್ಚು ಎಂಬುದನ್ನು ಪರೀಕ್ಷೆ ಮಾಡಿಯೇ ತಿಳಿಯಬೇಕು.

ಪರೀಕ್ಷೆ ಎಲ್ಲಿ ಮಾಡಬೇಕು?

ಕ್ಲೋರಿನ್ ಉಳಿದಿದೆಯಾ ಎಂದು ನೋಡುವ ಸಣ್ಣ ಪೆಟ್ಟಿಗೆಗೆ ಕ್ಲೋರೋಸ್ಕೋಪ್ ಎನ್ನುತ್ತಾರೆ. ಗಾಜಿನ ನಳಿಕೆಗೆ ಗುರುತಿನವರೆಗೆ ನೀರು ತುಂಬಿ, ಕಿಟ್‌ನಲ್ಲಿ ಹೇಳಿದಷ್ಟು ಓಟಿ ದ್ರಾವಣದ ಹನಿ ಹಾಕಿದರೆ ನೀರು ಹಳದಿಗೆ ತಿರುಗುತ್ತದೆ. ಹಳದಿ ಗಾಢವಾದಷ್ಟೂ ಕ್ಲೋರಿನ್ ಹೆಚ್ಚು. ಬಣ್ಣವೇ ಬರದಿದ್ದರೆ ಕಾವಲು ಇಲ್ಲ ಎಂದರ್ಥ. ಪರೀಕ್ಷೆ ಮಾಡಿದ ನೀರನ್ನು ಚೆಲ್ಲಬೇಕು. ಆ ದ್ರಾವಣ ವಿಷಕಾರಿ, ಕುಡಿಯುವ ನೀರಿಗೆ ಸೇರಬಾರದು.

ಟ್ಯಾಂಕ್ ಬುಡದಲ್ಲಿ ಪರೀಕ್ಷೆ ಮಾಡಿ ರಿಜಿಸ್ಟರ್‌ನಲ್ಲಿ ಬರೆದುಕೊಂಡರೆ ಅರ್ಧ ಕೆಲಸ. ಪೈಪ್‌ಲೈನಿನ ಕೊನೆಯ ಮನೆಯಲ್ಲಿ ನೋಡಿದಾಗಲೇ ಸತ್ಯ ಗೊತ್ತಾಗುವುದು. ಜಲ ಜೀವನ್ ಮಿಷನ್ ಅಡಿ ಹಳ್ಳಿಗಳಲ್ಲಿ ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡುವ ವ್ಯವಸ್ಥೆ ಇದೆ. ‘ನಮ್ಮ ಬೀದಿ ಕೊನೆ ನಲ್ಲೀಲೂ ಒಂದ್ಸಲ ನೋಡಿ’ ಎಂದು ಗ್ರಾಮ ಪಂಚಾಯಿತಿಯನ್ನು ಕೇಳುವ ಹಕ್ಕು ಪ್ರತಿ ಮನೆಗೂ ಇದೆ. ಪಟ್ಟಣದಲ್ಲಾದರೆ ತುಮಕೂರು ಮಹಾನಗರ ಪಾಲಿಕೆ, ಗುಬ್ಬಿ ಪಟ್ಟಣ ಪಂಚಾಯಿತಿ, ಕುಣಿಗಲ್ ಪುರಸಭೆಯ ನೀರು ಸರಬರಾಜು ವಿಭಾಗವನ್ನು ಕೇಳಬೇಕು.

ಕೊನೆ ಮನೆಯಲ್ಲಿ ಕ್ಲೋರಿನ್ ಇಲ್ಲದಿದ್ದರೆ ಕಾರಣ ಹೆಚ್ಚಾಗಿ ದಾರಿಯಲ್ಲಿದೆ. ನಮ್ಮಲ್ಲಿ 24 ಗಂಟೆ ನೀರು ಬರುವ ಬೀದಿಗಳು ಕಡಿಮೆ. ನೀರು ನಿಂತಾಗ ಪೈಪ್ ಖಾಲಿಯಾಗುತ್ತದೆ, ಆಗ ಒಡೆದ ಜಾಯಿಂಟ್‌ನಿಂದ ಪಕ್ಕದ ಚರಂಡಿ ನೀರು ಒಳಗೆ ನುಗ್ಗುತ್ತದೆ. ನಲ್ಲಿ ಪೈಪಿಗೆ ನೇರವಾಗಿ ಮೋಟಾರ್ ಕೂರಿಸಿ ಎಳೆಯುವವರು ಈ ಅಪಾಯವನ್ನು ಇನ್ನೂ ಹೆಚ್ಚಿಸುತ್ತಾರೆ. ಮೋಟಾರ್ ನೀರಿನ ಜೊತೆ ಚರಂಡಿಯನ್ನೂ ಎಳೆಯುತ್ತದೆ, ಅದು ಪಕ್ಕದ ಮನೆಗೂ ಹೋಗುತ್ತದೆ. ಚರಂಡಿಯೊಳಗೇ ಹಾದುಹೋದ ಮನೆ ಸಂಪರ್ಕದ ಪೈಪ್ ಇದ್ದರೆ ಮೊದಲು ಅದನ್ನು ಸ್ಥಳಾಂತರಿಸಬೇಕು. ಎಷ್ಟೇ ಪುಡಿ ಹಾಕಿದರೂ ಒಡೆದ ಪೈಪಿಗೆ ಅದು ಮದ್ದಲ್ಲ.

‘ಪುಡಿ ಹಾಕಿದ್ಮೇಲೆ ನೀರು ಕೆಂಪಾಯ್ತು’

ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಈ ದೂರು ಸಾಮಾನ್ಯ. ಕಬ್ಬಿಣದ ಅಂಶ ಇರುವ ನೀರು ಮೇಲೆ ಬಂದಾಗ ತಿಳಿಯಾಗಿಯೇ ಕಾಣುತ್ತದೆ. ಕ್ಲೋರಿನ್ ತಾಕಿದ ಕೂಡಲೇ ಕರಗಿದ್ದ ಕಬ್ಬಿಣ ತುಕ್ಕಾಗಿ ಕೆಂಪು-ಹಳದಿ ಬಣ್ಣ ಬರುತ್ತದೆ. ಪುಡಿ ಕೆಟ್ಟದ್ದು ಎಂದು ಅರ್ಥವಲ್ಲ. ಮಡ್ಡಿ ಕೂರಲು ಬಿಟ್ಟು ತಿಳಿ ನೀರು ಬಳಸಬಹುದು, ಆಮೇಲೆ ಉಳಿಕೆ ಕ್ಲೋರಿನ್ ಮತ್ತೆ ನೋಡಬೇಕು.

ಕ್ಲೋರಿನ್ ಮಾಡಲಾಗದ ಕೆಲಸವೂ ಇದೆ. ಪಾವಗಡ ಭಾಗದ ಬೋರ್‌ವೆಲ್‌ಗಳಲ್ಲಿ ಕಾಡುವ ಫ್ಲೋರೈಡ್ ಬ್ಲೀಚಿಂಗ್‌ನಿಂದ ಹೋಗುವುದಿಲ್ಲ. ಗೊಬ್ಬರ, ತಿಪ್ಪೆಯಿಂದ ಇಳಿಯುವ ನೈಟ್ರೇಟ್ ಹೋಗುವುದಿಲ್ಲ. ಗಡಸುತನ ಹೋಗುವುದಿಲ್ಲ. ಇವಕ್ಕೆ ಆರ್‌ಒ ಘಟಕದಂಥ ಬೇರೆ ದಾರಿ ಬೇಕು.

ಹಾಗೆಂದು ಆರ್‌ಒ ನೀರಿಗೆ ಭಯವೇ ಇಲ್ಲ ಎನ್ನುವಂತಿಲ್ಲ. ಆರ್‌ಒ ಯಂತ್ರದ ಕಾರ್ಬನ್ ಫಿಲ್ಟರ್ ಕ್ಲೋರಿನ್ ತೆಗೆದುಬಿಡುತ್ತದೆ. 20 ಲೀಟರ್ ಕ್ಯಾನ್ ಒಳಗೆ ಪಾಚಿ ಕಟ್ಟಿದ್ದರೆ, ಕೊಳೆ ಲೋಟ ಅದ್ದಿದರೆ ಎದುರಿಸುವ ಕಾವಲು ಆ ನೀರಿನಲ್ಲಿ ಇರುವುದಿಲ್ಲ. ಹೋಟೆಲ್, ಬೇಕರಿ, ಟೀ ಅಂಗಡಿಯವರು ಕ್ಯಾನ್ ತೊಳೆಯುವುದರ ಕಡೆ ಗಮನ ಕೊಡಬೇಕಾದದ್ದು ಇದಕ್ಕೇ.

ನೀರಿನಲ್ಲಿ ಘಾಟು ಜಾಸ್ತಿ ಅನ್ನಿಸಿದರೆ ತೆರೆದ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಕಡಿಮೆಯಾಗುತ್ತದೆ. ಊರಲ್ಲಿ ವಾಂತಿ-ಭೇದಿ ಕಾಣಿಸಿಕೊಂಡ ದಿನಗಳಲ್ಲಿ ಮಾತ್ರ ಕುದಿಸಿ ಆರಿಸಿದ ನೀರೇ ಸುರಕ್ಷಿತ. ನೀರು ಚೆನ್ನಾಗಿ ಮರಳಿದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಯಬೇಕು.

ಕಸದ ರಾಶಿ ಮೇಲೆ ಬಿಳಿ ಪುಡಿ

ಈಗ ವಾಸನೆಯ ವಿಚಾರ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಮಿಕ್ಕ ತರಕಾರಿ, ಚೇಳೂರಿನ ಹಲಸಿನ ಸುಗ್ಗಿಯಲ್ಲಿ ಉಳಿಯುವ ಸಿಪ್ಪೆ, ಹೋಟೆಲ್‌ನ ಅನ್ನ-ಸಾರು, ಮಾಂಸದಂಗಡಿಯ ತ್ಯಾಜ್ಯ ಎಲ್ಲವೂ ಹಸಿ ಕಸ. ಇವು ರಾಶಿ ಬಿದ್ದು ಒಳಗೆ ಗಾಳಿ ಆಡದಂತಾದಾಗ ಗಾಳಿ ಇಲ್ಲದೆ ಬದುಕುವ ಬ್ಯಾಕ್ಟೀರಿಯಾ ಕೆಲಸ ಶುರುಮಾಡುತ್ತವೆ. ಹೈಡ್ರೋಜನ್ ಸಲ್ಫೈಡ್, ಅಮೋನಿಯಾ ಮತ್ತಿತರ ನಾತದ ಅನಿಲ ಹುಟ್ಟುವುದು ಆಗಲೇ.

ರಾಶಿಯ ಮೇಲೆ ಪುಡಿ ಎರಚಿದರೆ ಮೇಲಿನ ಒಂದು ಪದರಕ್ಕೆ ಮಾತ್ರ ತಾಕುತ್ತದೆ. ಅಷ್ಟೊಂದು ಕೊಳೆಯ ಮುಂದೆ ಕ್ಲೋರಿನ್ ಬೇಗನೆ ಮುಗಿದುಹೋಗುತ್ತದೆ. ಸ್ವಲ್ಪ ಹೊತ್ತು ಘಾಟು ನಾತವನ್ನು ಮುಚ್ಚುತ್ತದೆ, ಒಳಗಿನ ಕೊಳೆಯುವಿಕೆ ನಿಲ್ಲುವುದಿಲ್ಲ. ಗೊಬ್ಬರ ಮಾಡಲು ಹಾಕಿದ ಕಸಕ್ಕಂತೂ ಬ್ಲೀಚಿಂಗ್ ಹಾಕಲೇಬಾರದು. ಕಸವನ್ನು ಗೊಬ್ಬರ ಮಾಡುವ ಉಪಕಾರಿ ಸೂಕ್ಷ್ಮಜೀವಿಗಳನ್ನೂ ಅದು ಕೊಲ್ಲುತ್ತದೆ. ಅಲ್ಲಿ ರಾಶಿ ಮಗುಚಿ ಗಾಳಿ ಆಡಿಸುವುದು, ಒಣ ಎಲೆ, ತೆಂಗಿನ ನಾರಿನ ಪುಡಿ ಬೆರೆಸಿ ತೇವ ಇಳಿಸುವುದು, ಸೂಕ್ಷ್ಮಜೀವಿ ದ್ರಾವಣ ಸಿಂಪಡಿಸುವುದು ಸರಿಯಾದ ದಾರಿ.

ತುಮಕೂರು ನಗರದ ಕಸ ಹೋಗುವ ಅಜ್ಜಗೊಂಡನಹಳ್ಳಿ ಘಟಕದ ಬಗ್ಗೆ ಸುತ್ತಲಿನ ಹಳ್ಳಿಗಳವರು ದೂರುತ್ತ ಬಂದದ್ದು ನಗರದವರಿಗೆ ಗೊತ್ತೇ ಇದೆ. ಅಲ್ಲಿನ ನಾತದ ಮೂಲ ಇಲ್ಲಿನ ಅಂಗಡಿ, ಮನೆಯ ಬಾಗಿಲಲ್ಲಿದೆ. ಹಸಿ ಕಸ, ಒಣ ಕಸ ಒಂದೇ ಕವರಿನಲ್ಲಿ ಕಟ್ಟಿ ಬಿಸಾಕಿದರೆ ಅದು ಕವರಿನೊಳಗೇ ಕೊಳೆಯಲು ಶುರುವಾಗುತ್ತದೆ. ಘಟಕ ತಲುಪುವಷ್ಟರಲ್ಲಿ ಯಾವ ರಾಸಾಯನಿಕದಿಂದಲೂ ಸುಲಭಕ್ಕೆ ಸರಿಹೋಗದ ಸ್ಥಿತಿಗೆ ಬಂದಿರುತ್ತದೆ.

ಕೊಳಚೆ ನೀರಿನ ಘಟಕಗಳಲ್ಲಿ ನಾತ ತಡೆಯಲು ಹೈಡ್ರೋಜನ್ ಪೆರಾಕ್ಸೈಡ್ ಬಳಸುವುದುಂಟು. ಕೆಲಸ ಮುಗಿದ ಮೇಲೆ ಅದು ನೀರು ಮತ್ತು ಆಮ್ಲಜನಕವಾಗಿ ಒಡೆಯುವುದರಿಂದ ಹಾನಿಕಾರಕ ಶೇಷ ಉಳಿಯುವುದಿಲ್ಲ. ಆದರೆ ಸಾಂದ್ರ ಪೆರಾಕ್ಸೈಡ್ ಚರ್ಮ ಸುಡುತ್ತದೆ, ಬೆಂಕಿಗೂ ಕಾರಣವಾಗುತ್ತದೆ. ಅದು ತರಬೇತಿ ಪಡೆದವರ ಕೆಲಸ, ಅಂಗಡಿ ಹಿಂಭಾಗದಲ್ಲಿ ಪ್ರಯೋಗ ಮಾಡುವ ವಸ್ತುವಲ್ಲ.

ಮೊದಲು ತೊಳಿ, ಆಮೇಲೆ ಬ್ಲೀಚಿಂಗ್

ಮಾಂಸ, ಮೀನಿನ ಅಂಗಡಿ, ತರಕಾರಿ ಮಳಿಗೆ, ಹೋಟೆಲ್ ಅಡುಗೆಮನೆಯ ನೆಲಕ್ಕೆ ಬ್ಲೀಚಿಂಗ್ ಒಳ್ಳೆಯದೇ. ಕ್ರಮ ಮಾತ್ರ ತಪ್ಪಬಾರದು. ರಕ್ತ, ಕೊಬ್ಬು, ಸಿಪ್ಪೆಯನ್ನು ಗುಡಿಸಿ, ಸೋಪಿನ ನೀರಲ್ಲಿ ಉಜ್ಜಿ ತೊಳೆದ ನಂತರ ಬ್ಲೀಚಿಂಗ್ ನೀರು ಹಾಕಬೇಕು. ಹತ್ತು ಲೀಟರ್ ಬಕೆಟ್‌ಗೆ 150 ಗ್ರಾಂ ಪುಡಿ ಕಲಸಿದರೆ ನೆಲಕ್ಕೆ ಬೇಕಾದ ಗಟ್ಟಿ ದ್ರಾವಣ ಸಿಗುತ್ತದೆ. ಹತ್ತು ನಿಮಿಷ ಬಿಟ್ಟು ತೊಳೆದರಾಯಿತು. ಕೊಳೆಯ ಮೇಲೇ ಹಾಕಿದರೆ ಪುಡಿ ಕೊಳೆಗೇ ಮುಗಿಯುತ್ತದೆ.

ಹೆಚ್ಚಾದ ಪುಡಿಯನ್ನು ಮಳೆನೀರಿನ ಚರಂಡಿಗೆ ಸುರಿಯಬಾರದು. ಅದು ಕೆರೆ ಸೇರಿದರೆ ಬಹಳ ಕಡಿಮೆ ಪ್ರಮಾಣದ ಕ್ಲೋರಿನ್ ಕೂಡ ಮೀನಿಗೆ ಕುತ್ತು.

ಪ್ರಾಣಕ್ಕೆ ಬರುವ ತಪ್ಪುಗಳು

• ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮತ್ತು ಬ್ಲೀಚಿಂಗ್ ಎಂದಿಗೂ ಬೆರೆಯಬಾರದು. ಬೆರೆತರೆ ಕ್ಲೋರಿನ್ ಅನಿಲ ಹೊರಬಂದು ಶ್ವಾಸಕೋಶ ಸುಡುತ್ತದೆ. ‘ಎರಡೂ ಹಾಕಿದ್ರೆ ಇನ್ನೂ ಕ್ಲೀನ್ ಆಗುತ್ತೆ’ ಎಂಬುದು ಆಸ್ಪತ್ರೆಗೆ ಹೋಗುವ ದಾರಿ.

• ಅಮೋನಿಯಾ ಇರುವ ಕ್ಲೀನರ್ ಜೊತೆಗೂ, ನೀರು ಬಿಡದ ಮೂತ್ರಾಲಯದಲ್ಲೂ ಗಟ್ಟಿ ಬ್ಲೀಚಿಂಗ್ ಹಾಕಿದರೆ ಕಣ್ಣು-ಗಂಟಲು ಉರಿಸುವ ಅನಿಲ ಬರುತ್ತದೆ. ಮೊದಲು ಧಾರಾಳ ನೀರು ಬಿಡಬೇಕು.

• ಕ್ಲೋರಿನ್ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಘಾಟು ಹೊಡೆದರೆ ಸಂಪು, ನೆಲಮಾಳಿಗೆ ಬಿಟ್ಟು ಎತ್ತರದ ತೆರೆದ ಜಾಗಕ್ಕೆ ಬರಬೇಕು. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ತಣ್ಣೀರಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

• ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್‌ಗೆ ಬ್ಲೀಚಿಂಗ್ ಎರಚಿ ‘ಈಗ ಇಳೀಬಹುದು’ ಎನ್ನುವುದು ಕೊಲೆಗೆ ಸಮ. ಒಳಗಿನ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ, ಎರಡು ಉಸಿರಿಗೆ ಮನುಷ್ಯ ಕುಸಿಯುತ್ತಾನೆ. 2013ರ ಕಾಯ್ದೆ ರಕ್ಷಣಾ ಸಾಧನವಿಲ್ಲದೆ ಜನರನ್ನು ಇಳಿಸುವುದನ್ನು ನಿಷೇಧಿಸಿದೆ. ಸಕ್ಕಿಂಗ್ ಯಂತ್ರ ಕರೆಸುವುದೇ ಸರಿ.

ಅಂಗಡಿಯವರು ಇಟ್ಟುಕೊಳ್ಳುವಾಗ

ಮಂಡಿಪೇಟೆಯಂಥ ಸಗಟು ಬೀದಿಯಿಂದ ಮೂಟೆ ತಂದು ಬಿಡಿಯಾಗಿ ಮಾರುವವರು ಪುಡಿಯನ್ನು ಒಣ, ತಂಪು, ಗಾಳಿಯಾಡುವ ಜಾಗದಲ್ಲಿ ಬಾಯಿ ಬಿಗಿದು ಇಡಬೇಕು. ಬಿಸಿಲು, ತೇವ ತಾಕಿದರೆ ಕ್ಲೋರಿನ್ ಹಾರಿಹೋಗುತ್ತದೆ. ಗಂಟು ಕಟ್ಟಿ ಒದ್ದೆಯಾದ, ಘಾಟೇ ಇಲ್ಲದ ಪುಡಿ ಹೆಚ್ಚೂಕಡಿಮೆ ಸುಣ್ಣವಷ್ಟೇ. ಕೊಳ್ಳುವವರು ಚೀಲದ ಮೇಲಿನ ತಯಾರಿಕೆ ತಿಂಗಳು ನೋಡಬೇಕು. ಯೂರಿಯಾ, ಆ್ಯಸಿಡ್, ಸೀಮೆಎಣ್ಣೆ, ಪೆಟ್ರೋಲ್, ಬ್ರೇಕ್ ಆಯಿಲ್ ಪಕ್ಕದಲ್ಲಿ ಇಟ್ಟರೆ ಅನಿಲವೋ ಬೆಂಕಿಯೋ ಏಳುವ ಅಪಾಯವಿದೆ. ಅಕ್ಕಿ, ಬೇಳೆ ಮೂಟೆಯಿಂದಲೂ ದೂರವಿರಲಿ. ಮೈದಾ ಹಿಟ್ಟಿನಂತೆ ಕಾಣುವ ಪುಡಿಯನ್ನು ಹೆಸರು ಬರೆಯದ ಕವರಿನಲ್ಲಿ ಕಟ್ಟಿಕೊಡಬಾರದು.

ಜಾತ್ರೆ, ಮದುವೆ, ಅನ್ನಸಂತರ್ಪಣೆಗೆ ಟ್ಯಾಂಕರ್ ನೀರು ತರಿಸುವವರು ಮರೆಯದೆ ಮಾಡಬೇಕಾದದ್ದು ಇಷ್ಟು: ಟ್ಯಾಂಕರ್ ಒಳಗೆ ತೊಳೆದಿದೆಯಾ ನೋಡುವುದು, ತೂಗಿದ ಪುಡಿಯ ತಿಳಿ ಹಾಕುವುದು, ಒಂದು ಗಂಟೆ ಬಿಡುವುದು, ಪಂಗ್ತಿ ಕೂರುವ ಮುನ್ನ ಕ್ಲೋರೋಸ್ಕೋಪ್‌ನಲ್ಲಿ ಹಳದಿ ಬಣ್ಣ ಬಂತಾ ಎಂದು ನೋಡುವುದು. ಇದಕ್ಕೆ ತಗಲುವ ಪುಡಿ 6,000 ಲೀಟರ್‌ಗೆ ಹದಿನೈದೇ ಗ್ರಾಂ.